ಕಾಯದ ಗೀಸರಿನ ಲೆಕ್ಕ

(ನಾಸಿಕ್‌ನ ಪಂಚವಟಿ. ಶೆಟ್ಟರ ಉಡುಪಿ ಹೋಟೆಲ್. ಗೋದಾವರಿಯಲ್ಲಿ ಮುಳುಗೆದ್ದ ಭಟ್ಟರು ನಡುಗುತ್ತಾ ಬರುತ್ತಾರೆ.)

ಭಟ್ಟರು: ಏನು ಶೆಟ್ರೇ, ಬೆಳಗ್ಗೆಯೇ ಕ್ಯಾಲ್ಕುಲೇಟರು?

ಶೆಟ್ಟರು: ತಾರಸಿಯಲ್ಲಿ ಸೋಲಾರ್ ಹೀಟರ್ ಉಂಟಲ್ಲ ಮಾರಾಯ್ರೆ. ನೂರು ಲೀಟರಿನದ್ದು ವರ್ಷಕ್ಕೆ 1500 ಯೂನಿಟ್ ಉಳಿಸ್ತದಂತೆ. 1000 ಯೂನಿಟಿಗೆ ಒಂದು ಆರ್‌ಇಸಿ, ಅಂದ್ರೆ ಮಾರಬಹುದಾದ ಹಸಿರು ಇಂಧನದ ಸರ್ಟಿಫಿಕೇಟು. ನನಗೆ ಒಂದೂವರೆ!

ಭಟ್ಟರು: ನೀರು ಕಾಸಿದ್ದಕ್ಕೂ ಕಾಸು! ಅಲ್ಲ, ಅದು ಕರೆಂಟು ಮಾಡ್ತದಾ?

ಶೆಟ್ಟರು: ಅದೇ ತೊಡಕು. ಸರ್ಟಿಫಿಕೇಟು ಮೀಟರಿನಲ್ಲಿ ಅಳೆದ ಕರೆಂಟಿಗೆ ಮಾತ್ರ. ಆದರೆ ಛತ್ರಪತಿ ಸಂಭಾಜಿನಗರದ ಕನ್ಸಲ್ಟೆಂಟು ಹೇಳ್ತಾನೆ, ಉರಿಸದ ಗೀಸರಿನ ಲೆಕ್ಕ ತೋರಿಸೋಣ ಅಂತ.

ಭಟ್ಟರು: ನಿಮ್ಮಲ್ಲಿ ಗೀಸರ್ ಎಲ್ಲಿತ್ತು? ಸೌದೆ ಒಲೆಯಲ್ವಾ?

ಶೆಟ್ಟರು: ಅದಕ್ಕೇ ಈಗ ಎರಡು ಗೀಸರ್ ತರಬೇಕು. ಉರಿಸದೆ ಇಡ್ಲಿಕ್ಕೆ.

ಭಟ್ಟರು: ನಾನು ಹುಡುಗನಾಗಿದ್ದಾಗಿನಿಂದ ರಾಮಕುಂಡದ ತಣ್ಣೀರಲ್ಲೇ ಮೀಯೋದು. ನನಗೆಷ್ಟು?

ಶೆಟ್ಟರು: ಸೊನ್ನೆ. ಖರ್ಚೇ ಮಾಡದವರು ಉಳಿಸೋದು ಹೇಗೆ?

ಭಟ್ಟರು: ಮೇ ತಿಂಗಳಲ್ಲಿ ಸಂಭಾಜಿನಗರದ ನಲ್ಲಿಯಲ್ಲೇ ಬಿಸಿನೀರು ಬರ್ತದಲ್ಲ...

ಶೆಟ್ಟರು: ಮೆಲ್ಲಗೆ ಹೇಳಿ! ಅದು ಅವನ ಮುಂದಿನ ಅರ್ಜಿ.

ಭಟ್ಟರು: ಬೆಂಗಳೂರಲ್ಲಿ ಸೋಲಾರ್ ಹೀಟರಿಗೆ ಬಿಲ್ಲಿನಲ್ಲೇ ತಿಂಗಳಿಗೆ 50 ರೂಪಾಯಿವರೆಗೆ ಮುರಿದುಕೊಳ್ತಿದ್ರಪ್ಪ. ಒಂದೇ ಸಾಲು.

ಶೆಟ್ಟರು: ಒಂದೇ ಸಾಲಾ? ಮತ್ತೆ ಕನ್ಸಲ್ಟೆಂಟು ಬದುಕೋದು ಹೇಗೆ?

ಭಟ್ಟರು: ಒಂದೂವರೆಯಲ್ಲಿ ಆ ಅರ್ಧ ಸರ್ಟಿಫಿಕೇಟು?

ಶೆಟ್ಟರು: ಅವನ ಫೀಸು. ಇಡೀದು ಅವನ ಪ್ರಯಾಣಭತ್ಯೆ.

ಭಟ್ಟರು: ಸರಿ, ಒಂದು ಬಿಸಿ ಕಾಫಿ ಕೊಡಿ.

ಶೆಟ್ಟರು: ಗ್ಯಾಸಿನಲ್ಲಿ ಕಾಸಿದ್ದು ಭಟ್ರೇ, ಲೆಕ್ಕಕ್ಕೆ ಬರೋದಿಲ್ಲ. ದುಡ್ಡು ಕೊಡಿ.