ಗುಂಡಿ ಒತ್ತಿದರೆ ಗುಡ್ಡ ಸರಿದೀತೆ?

ಬೆಂಗಳೂರಿನಿಂದ ಚಿತ್ರದುರ್ಗ ಜಿಲ್ಲೆಯ ಹಾಲುರಾಮೇಶ್ವರಕ್ಕೆ ಹೊರಟ ಕಾರಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಟೈರಲ್ಲ, ರೇಡಿಯೊದ ಗುಂಡಿ. ತುಮಕೂರು ಹಿಂದಾಗಿ ಶಿರಾ ಹತ್ತಿರವಾಗುವಷ್ಟರಲ್ಲಿ 102.9ರ ವಿವಿಧ ಭಾರತಿ ಗೊರಗುಡತೊಡಗುತ್ತದೆ. ಕೂಡಲೇ ಕಾರಿನೊಳಗೆ ವಿಚಾರಣಾ ಸಮಿತಿಯೊಂದು ರಚನೆಯಾಗುತ್ತದೆ. ಮುಂದೆ ಕೂತವರು ವಾಲ್ಯೂಮ್ ಏರಿಸುತ್ತಾರೆ. ಗೊರಗೊರವೂ ಅಷ್ಟೇ ಏರುತ್ತದೆ. ಹಿಂದಿನ ಸೀಟಿನವರು ಟ್ರೆಬಲ್ ಇಳಿಸಿ ಅನ್ನುತ್ತಾರೆ. ಓಡಿಸುವವರು ಸ್ಟೀರಿಂಗ್ ಮೇಲಿನ ಬಾಣದ ಗುರುತನ್ನು ಒತ್ತುತ್ತಲೇ ಇರುತ್ತಾರೆ. ಕೊನೆಗೆ ಸೆಟ್ಟು ಕೆಟ್ಟಿದೆ ಎಂದು ಸರ್ವಾನುಮತದ ಠರಾವು. ಸೆಟ್ಟಿನ ಪರವಾಗಿ ವಕಾಲತ್ತು ಹಾಕುವವರು ಯಾರೂ ಇಲ್ಲದ್ದರಿಂದ ನಾನೇ ಹಾಕುತ್ತೇನೆ: ಈ ಗುಂಡಿಗಳಲ್ಲಿ ಮುಕ್ಕಾಲು ಪಾಲು ಬಂದ ಸದ್ದನ್ನು ಸಿಂಗರಿಸಲು ಇರುವಂಥವು. ಸದ್ದು ಬರುವುದೋ ಬಾರದೋ ಎಂದು ತೀರ್ಮಾನಿಸುವುದು ನೆಲ.

ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣು ಹಾಯುವಷ್ಟು ದೂರದ್ದು. ನೂರು ಮೀಟರ್ ಎತ್ತರದ ಗೋಪುರದಿಂದ ಹೊರಟರೆ ಕಾರಿನ ಆಂಟೆನಾ ಮಟ್ಟಕ್ಕೆ, ಸಮತಟ್ಟು ನೆಲದಲ್ಲಿ, ಸುಮಾರು 45 ಕಿಲೋಮೀಟರ್. ಅದರಾಚೆ ಭೂಮಿಯೇ ಬೆನ್ನು ಬಗ್ಗಿಸುತ್ತದೆ, ಅಲೆ ಸೊರಗುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ಸಮತಟ್ಟು ನೆಲದ ಮಾತೇ ಸ್ವಲ್ಪ ದುಬಾರಿ. ಬಂಡೆಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿ ಸದ್ದು ಕುಗ್ಗುತ್ತದೆ. ಇನ್ನೊಂದು ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆ, ನೇರ ಬಂದ ಅಲೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಈ ಅಲೆಯ ಉದ್ದ ಸುಮಾರು ಮೂರು ಮೀಟರ್. ಹಾಗಾಗಿ ಲೆವೆಲ್ ಕ್ರಾಸಿಂಗಿನಲ್ಲಿ ನಿಂತಾಗ ಮೂಕವಾದ ಹಾಡು, ಕಾರು ಒಂದು ಮಾರು ಮುಂದೆ ಸರಿದರೆ ಮತ್ತೆ ಬಾಯಿ ಬಿಡುವುದುಂಟು. ಆ ಹೊತ್ತಿಗೆ ಯಾವ ಗುಂಡಿಯ ಮೇಲೆ ಬೆರಳಿತ್ತೋ ಕೀರ್ತಿಯೆಲ್ಲ ಅದಕ್ಕೇ. ಟ್ರೆಬಲ್ ಇಳಿಸಿ ಎಂದವರಿಗೆ ಮಾತ್ರ ಅರ್ಧ ಅಂಕ ಕೊಡಬೇಕು: ಸ್ಟೀರಿಯೊಗೆ ಬಲವಾದ ಅಲೆ ಬೇಕು, ಬಲ ಸಾಲದಿದ್ದರೆ ಮೊದಲು ಕೇಳಿಸುವುದು ಆ ಸುಯ್ಯೆನ್ನುವ ಸದ್ದೇ. ಟ್ರೆಬಲ್ ಇಳಿಸಿದರೆ ಅದು ಮರೆಯಾಗುತ್ತದೆ, ಜೊತೆಗೆ ತಬಲದ ಚುರುಕೂ ಹೋಗುತ್ತದೆ.

ಅಜ್ಜನ ಟ್ರಾನ್ಸಿಸ್ಟರಿಗೆ ಯಾವ ಗುಡ್ಡವೂ ಅಡ್ಡ ಬರುತ್ತಿರಲಿಲ್ಲವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ. ಆದರೆ ಅಜ್ಜ ಹೊಲದ ಬದುವಿನಲ್ಲಿ ಕೂತು ಕೇಳುತ್ತಿದ್ದದ್ದು ಭದ್ರಾವತಿಯ 675 ಕಿಲೋಹರ್ಟ್ಜ್, ಮಧ್ಯಮ ತರಂಗ. ಆ ಅಲೆಯ ಉದ್ದ 444 ಮೀಟರ್. ನೆಲವನ್ನು ತಬ್ಬಿಕೊಂಡೇ ಹೋಗುವ ಅದಕ್ಕೆ ಸಣ್ಣಪುಟ್ಟ ಗುಡ್ಡ ಲೆಕ್ಕಕ್ಕಿಲ್ಲ. ಅಜ್ಜನ ಪೆಟ್ಟಿಗೆ ಮೇಲಲ್ಲ, ಅಲೆ ಬೇರೆ. ಇನ್ನು ಕೆಲವರು, ಹುಡುಕುವ ಗುಂಡಿ ಒಂದು ಸುತ್ತು ಬಂದರೂ ಎಲ್ಲೂ ನಿಲ್ಲಲಿಲ್ಲ, ಆದ್ದರಿಂದ ಇಲ್ಲಿ ಸ್ಟೇಷನ್ನೇ ಇಲ್ಲ ಎನ್ನುತ್ತಾರೆ. ಆ ಗುಂಡಿ ನಿಲ್ಲುವುದು ಅಲೆಯ ಬಲ ಒಂದು ಮಟ್ಟ ಮೀರಿದಾಗ ಮಾತ್ರ. ಬಡಕಲು ಅಲೆಯನ್ನು ಕಂಡರೂ ಕಾಣದಂತೆ ದಾಟಿ ಹೋಗುತ್ತದೆ. ಅದರ ಮಾತು ಕೇಳಿ ಒಂದು ಬಾನುಲಿ ಕೇಂದ್ರವನ್ನೇ ಅಳಿಸಿಹಾಕುವುದು ಅನ್ಯಾಯ. ಫೋನಿದೆಯಲ್ಲ, ರೇಡಿಯೊ ಯಾಕೆ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಫೋನಿನ ಅಲೆ ಇನ್ನೂ ಗಿಡ್ಡ, ಗುಡ್ಡಕ್ಕೆ ಅದು ಇನ್ನೂ ಹೆಚ್ಚು ಹೆದರುತ್ತದೆ, ಮೇಲಿಂದ ಡೇಟಾದ ಖರ್ಚು.

ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಮನಸ್ಸಿನ ಬೇಡಿಕೆ ಹೇಳಿಕೊಂಡ ಭಕ್ತರು, ಪ್ರಸಾದ ನೀರಿನಿಂದ ಮೇಲೆ ತೇಲಿ ಬರಲಿ ಎಂದು ಕೈಮುಗಿದು ಕಾಯುತ್ತಾರೆ. ಅದೇ ಜನರಿಗೆ ದಾರಿಯಲ್ಲಿ ಅರ್ಧ ನಿಮಿಷದ ಗೊರಗೊರ ಸಹಿಸಲು ಆಗುವುದಿಲ್ಲ! ಅಷ್ಟು ಪುರುಸೊತ್ತಿಲ್ಲದವರು ಇಷ್ಟಾದರೂ ಮಾಡಲಿ: ಮಡಚುವ ಆಂಟೆನಾ ಇದ್ದರೆ ನಿಲ್ಲಿಸಿ ಹೊರಡಿ, 102.6 ಅನ್ನು ಮನೆಯಲ್ಲೇ ಕೈಯಿಂದ ಹೊಂದಿಸಿ, ಒಂದು ನಂಬರಿನ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕೂರಿಸಿಕೊಳ್ಳಿ. 102.9 ಕೈಕೊಟ್ಟ ಮೇಲೆ ಹಿರಿಯೂರಿನ ಕಡೆ ಅದನ್ನು ಮುಟ್ಟಿ. ಅದು ಚಿತ್ರದುರ್ಗ ಆಕಾಶವಾಣಿ.