ತುರ್ತುಕರೆ ಮೀಮಾಂಸೆ

ಕನ್ನಡ ನಾಡಿನ ಮೊದಲ ತುರ್ತುಕರೆ ಹೊರಟದ್ದು ಸೊಸೆವೂರಿನ ವಾಸಂತಿಕಾ ಗುಡಿಯ ಅಂಗಳದಿಂದ. ಹುಲಿ ಬಂತು, ಸುದತ್ತ ಮುನಿ ‘ಹೊಯ್ ಸಳ’ ಎಂದರು, ಸಳ ಹೊಯ್ದ. ಹೋಲ್ಡ್ ಇಲ್ಲ, ಲ್ಯಾಂಡ್‌ಮಾರ್ಕ್ ಕೇಳಲಿಲ್ಲ. ಬೆಂಗಳೂರಿನ ಗಸ್ತುವಾಹನ ಇಂದಿಗೂ ಆತನ ಹೊಯ್ಸಳ ವಂಶದ ಹೆಸರಿನಲ್ಲೇ ಓಡುತ್ತದೆ. ಆದರೆ ಹುಲಿಯೇ ಇರದಿದ್ದರೆ ಮುನಿಗೇನು ಗತಿ? ಈ ಪ್ರಶ್ನೆಗೆ ನಮ್ಮ ಇತಿಹಾಸಕಾರರು ತೋರಿರುವ ಔದಾಸೀನ್ಯವೇ ಪ್ರಸ್ತುತ ಪ್ರಬಂಧಕ್ಕೆ ಪ್ರೇರಣೆ.

ಸುಳ್ಳು ಕರೆಯ ಕಾನೂನು ಟೆಲಿಫೋನಿಗಿಂತ ವಯಸ್ಸಿನಲ್ಲಿ ದೊಡ್ಡದು. ಬೆಲ್ ಮಹಾಶಯರಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ; ಸರ್ಕಾರಿ ನೌಕರನಿಗೆ ಸುಳ್ಳು ಸುದ್ದಿ ಮುಟ್ಟಿಸುವವನಿಗಾಗಿ 182ನೇ ಕಲಮು 1860ರ ದಂಡ ಸಂಹಿತೆಯಲ್ಲೇ ಕಾದು ಕೂತಿತ್ತು. ಅದು ಕೊಟ್ಟ ಉದಾಹರಣೆಗಳಲ್ಲೊಂದು, ಇಂಥವನು ಕಳ್ಳ ಉಪ್ಪು ಬಚ್ಚಿಟ್ಟಿದ್ದಾನೆಂಬ ಚಾಡಿ. ಈಗಿನ ಸುಳ್ಳು ಕರೆಗಳಲ್ಲಿ ಉಪ್ಪಿನ ಜಾಗದಲ್ಲಿ ಬಾಂಬ್ ಇದೆ. 2024ರ ಜುಲೈ 1ರಿಂದ ಅದೇ ಕಲಮು ಭಾರತೀಯ ನ್ಯಾಯ ಸಂಹಿತೆಯ 217 ಆಗಿ, ಸೆರೆವಾಸ ಆರು ತಿಂಗಳಿಂದ ವರ್ಷಕ್ಕೂ ದಂಡ ಸಾವಿರದಿಂದ ಹತ್ತು ಸಾವಿರಕ್ಕೂ ಬಡ್ತಿ ಪಡೆದಿವೆ.

ಇನ್ನು ಪೂರ್ವಪಕ್ಷ. ಸುಳ್ಳೆಂದು ಬಲ್ಲವನಷ್ಟೇ ಅಪರಾಧಿಯಾದರೆ, ಪ್ಯಾಂಟಿನ ಜೇಬಿನ ಕಥೆಯೇನು? 2017ರಿಂದ ನಮ್ಮಲ್ಲಿ ಮಾರಾಟವಾಗುವ ಫೋನುಗಳಿಗೆ ಪ್ಯಾನಿಕ್ ಬಟನ್ ಕಡ್ಡಾಯ: ಬೇಸಿಕ್ ಸೆಟ್ಟಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಮೂರು ಸಲ ಕುಟ್ಟಿದರೆ ತುರ್ತುಸಂಖ್ಯೆ 112ಕ್ಕೆ ಕರೆ. ಬಿಎಂಟಿಸಿ ಬಸ್ಸಿನ ನೂಕುನುಗ್ಗಲಲ್ಲಿ ಇಷ್ಟು ಮಾಡಲು ಜೇಬಿಗೆ ಯಜಮಾನನ ಅಪ್ಪಣೆ ಬೇಕಿಲ್ಲ. ಆಂಗ್ಲರು ಇದನ್ನು ಮೊದಲೇ ಕಂಡಿದ್ದರು. 1937ರಲ್ಲಿ ಲಂಡನ್ನಿಗೆ ತುರ್ತುಸಂಖ್ಯೆ ಹುಡುಕುವಾಗ 111 ಬೇಡವಾಯಿತು. ಗಾಳಿಗೆ ತಂತಿ ತಂತಿ ತಗುಲಿದರೂ ಆ ಸಂಖ್ಯೆ ಬೀಳುವ ಭಯ. ಹಾಗೆ 999 ಬಂತು. ವಾಯುದೇವರೇ ಈ ಅಪರಾಧದ ಆದಿಪುರುಷರೆಂದು ನನ್ನ ಮತ. ಸಮನ್ಸ್ ಜಾರಿ ಕಷ್ಟ.

ಜೇಬೂ ಗಾಳಿಯೂ ಬಚಾವಾದರೆ ಸೋಜಿಗವಿಲ್ಲ. ಪ್ರಾಮಾಣಿಕ ತಲೆಹರಟೆಯೂ ಬಚಾವಾಗುವುದೇ ಈ ಶಾಸ್ತ್ರದ ತೊಡಕು. ‘ನನ್ನ ರೀಚಾರ್ಜ್ ಮುಗಿದಿದೆ’ ಎಂದು ಕಂಟ್ರೋಲ್ ರೂಮಿಗೆ ಹೇಳುವವನು ನುಡಿಯುವುದು ಸತ್ಯ, ಹರಿಶ್ಚಂದ್ರನೂ ತಲೆದೂಗುವಷ್ಟು. 217ಕ್ಕೆ ಬೇಕಾದದ್ದು ಸುಳ್ಳು. ಅಪ್ಪಟ ಸುಳ್ಳುಗಾರನೇ ಸಿಕ್ಕನೆನ್ನಿ; ನ್ಯಾಯಾಲಯ ಸುಮ್ಮನೆ ಕೈಗೆತ್ತಿಕೊಳ್ಳದು. ನಾಗರಿಕ ಸುರಕ್ಷಾ ಸಂಹಿತೆಯ 215ರಂತೆ, ಏಮಾರಿದ ಸರ್ಕಾರಿ ನೌಕರನೋ ಆತನ ಮೇಲಿನವರೋ ಆತ ಅಧಿಕಾರ ಕೊಟ್ಟ ಇನ್ನೊಬ್ಬ ನೌಕರನೋ ಬರಹದಲ್ಲಿ ದೂರು ಕೊಡಬೇಕು. ಅಂದರೆ ಓಡಿ ಸುಸ್ತಾದ ಕಡೆಯವರೇ ಕೂತು ಬರೆಯಬೇಕು.

ಕೊನೆಗೆ, ರಾತ್ರಿಪಾಳಿಯ ಆಪರೇಟರಮ್ಮನಿಗೆ ಬರುವ ‘ಊಟ ಆಯ್ತಾ ಮೇಡಂ?’ ಎಂಬ ಕರೆ. ಇದು ಪ್ರಶ್ನೆ, ಪ್ರಶ್ನೆಗೆ ಸತ್ಯಾಸತ್ಯಗಳಿಲ್ಲವೆಂದು ತಾರ್ಕಿಕರು ಹೇಳುವುದರಿಂದ 217 ಇಲ್ಲಿ ಕೈಚೆಲ್ಲುತ್ತದೆ. ಬೇಡವೆಂದ ಮೇಲೂ ಅದೇ ಗಂಡಸು ಸಲುಗೆ ಬಯಸಿ ಮತ್ತೆ ಮತ್ತೆ ಊಟ ವಿಚಾರಿಸಿದನೋ, ಬೆನ್ನುಬಿದ್ದು ಪೀಡಿಸುವವರಿಗೆಂದೇ ಇರುವ, ಅದೇ ನ್ಯಾಯ ಸಂಹಿತೆಯ 78ನೇ ಕಲಮು ಎಲೆ ಹಾಸಿ ಕಾಯುತ್ತಿದೆ.