ಕಂತಿನ ಪಾದಯಾತ್ರಿ

ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಚ್ಚುಕಡಿಮೆ 150 ಕಿ.ಮೀ. ಶಿವರಾತ್ರಿ ಹತ್ತಿರ ಬಂತೆಂದರೆ ಊರೂರಿನಿಂದ ಪರ್ಸೆ ಹೊರಡುತ್ತದೆ. ಹೆಗಲಿಗೊಂದು ಚೀಲ, ಬಾಯಲ್ಲಿ ‘ಉಘೇ ಮಾದಪ್ಪ’. ಹಗಲು ಬಿಸಿಲೇರುವ ಮುಂಚೆ ಒಂದಿಷ್ಟು, ಸಂಜೆ ಇಳಿದ ಮೇಲೆ ಒಂದಿಷ್ಟು ನಡೆದು, ರಾತ್ರಿ ಯಾವುದೋ ಶಾಲೆಯ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಉರುಳಿಕೊಂಡು, ಕಾಲಿನ ಬೊಬ್ಬೆಗೆ ಸೂಜಿದಾರ ಪೋಣಿಸಿಕೊಂಡು ಬೆಟ್ಟ ಸೇರುತ್ತಾರೆ. ಹರಕೆ ತೀರಿಸಿ, ಲಾಡು ಕಟ್ಟಿಸಿಕೊಂಡು, ಸಿಕ್ಕಿದ ಗಾಡಿ ಹತ್ತಿ ಊರಿಗೆ ಹಿಂತಿರುಗುತ್ತಾರೆ. ಇವರ ವಿಚಾರದಲ್ಲಿ ನಗುವಂಥದ್ದೇನೂ ಇಲ್ಲ. ನಾನು ಹೇಳಹೊರಟಿರುವುದು ಅದೇ ರಸ್ತೆಯಲ್ಲಿ ಒಬ್ಬೊಬ್ಬರೇ ಕಾಣಸಿಗುವ ಇನ್ನೊಂದು ಪಂಗಡದ ಕುರಿತು. ತಲೆಗೆ ಕ್ರಿಕೆಟ್ ಟೋಪಿ, ಕಾಲಿಗೆ ಮಗ ವಿದೇಶದಿಂದ ಕಳಿಸಿದ ಬೂಟು, ಕೈಯಲ್ಲಿ ಮಡಚುವ ಕೋಲು, ಜೇಬಿನಲ್ಲಿ ಮೈಸೂರಿನ ಕಡೆಯ ಬಸ್ಸುಗಳ ವೇಳಾಪಟ್ಟಿ. ಇವರು ಕಂತಿನ ಪಾದಯಾತ್ರಿಗಳು.

ಇಂಥವರೊಬ್ಬರು ಸಿದ್ಧಾರ್ಥನಗರದಲ್ಲಿದ್ದಾರೆ. ಲೆಕ್ಕಪತ್ರದ ನೌಕರಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ವೈದ್ಯರು ‘ನಡೀರಿ’ ಅಂದಿದ್ದರು. ಬಡಾವಣೆಯ ಪಾರ್ಕನ್ನು ಎಡದಿಂದಲೂ ಬಲದಿಂದಲೂ ಸುತ್ತಿ ಬೇಸರ ಬಂದಿತ್ತು. ಒಂದು ಬೆಳಿಗ್ಗೆ ಕಾಫಿಪುಡಿ ತರಲು ಹೊರಟವರ ಎದುರಿಗೆ ನರಸೀಪುರದ ರಸ್ತೆಯಲ್ಲಿ ಒಂದು ಪರ್ಸೆ ಸಾಗುತ್ತಿತ್ತು. ಯಾರೋ ‘ಉಘೇ’ ಅಂದರು, ಇವರೂ ‘ಉಘೇ’ ಅಂದರು. ಅಂದಮೇಲೆ ಒಬ್ಬರೇ ನಿಂತುಬಿಡುವುದು ಹೇಗೆ? ಆಲನಹಳ್ಳಿ ದಾಟಿತು, ವರ್ತುಲ ರಸ್ತೆ ದಾಟಿತು. ವರುಣ ಕೆರೆಯ ಏರಿ ಕಾಣುವ ಹೊತ್ತಿಗೆ ಫೋನು ಬಂತು.

‘ರೀ, ಎಲ್ಲಿದ್ದೀರಿ?’

‘ವರುಣದಲ್ಲಿ.’

‘ಅಲ್ಲಿ ಕಾಫಿಪುಡಿ ಅಗ್ಗವೇನ್ರೀ?’

ಮೊದಲ ಕಂತು ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ವಾಪಸು ಬಂದು, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತವರು ಹೆಂಡತಿಗೆ ತಿಳಿಸಿದರು: ‘ಬೆಟ್ಟಕ್ಕೆ ಹೊರಟಿದ್ದೀನಿ. ಸದ್ಯಕ್ಕೆ ಮನೆಯಲ್ಲಿದ್ದೀನಿ, ಅಷ್ಟೇ.’

ಕಂತಿನ ಯಾತ್ರೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎಲ್ಲಿ ಬಿಟ್ಟರೋ ಅಲ್ಲಿಂದಲೇ ಮುಂದಿನ ಸಲ ಹೊರಡಬೇಕು, ನಡುವೆ ಒಂದು ಗೇಣೂ ತಪ್ಪಕೂಡದು. ಜೀವಮಾನವಿಡೀ ಆರಂಭಿಕ ಶಿಲ್ಕು, ಅಂತಿಮ ಶಿಲ್ಕು ತಾಳೆ ನೋಡಿದವರಿಗೆ ಇದು ರಕ್ತಗತ. ಆದ್ದರಿಂದ ಕಂತು ಮುಗಿಸಿದ ಕಡೆ ಮೈಲಿಗಲ್ಲಿಗೋ ಸೇತುವೆಯ ಕಟ್ಟೆಗೋ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರುತ್ತಾರೆ. ತೊಂದರೆ ಬರುವುದು ಬಸ್ಸಿನಿಂದ.

‘ಮುಂದೆ ಹುಣಸೆಮರದ ಹತ್ತಿರ ಒಂದು ಸ್ವಲ್ಪ ನಿಲ್ಲಿಸಿಪ್ಪಾ.’

‘ಹುಣಸೆಮರಕ್ಕೆಲ್ಲ ಸ್ಟೇಜ್ ಇಲ್ಲ ಯಜಮಾನ್ರೇ. ಟಿಕೆಟ್ ಎಲ್ಲಿಗೆ?’

ಹೀಗೆ ಮುಂದಿನ ಊರಿನಲ್ಲಿ ಇಳಿದು, ಹುಣಸೆಮರದವರೆಗೆ ಹಿಂದಕ್ಕೆ ನಡೆದು, ಗುರುತು ಮುಟ್ಟಿ, ಮತ್ತೆ ಬಂದ ದಾರಿಯಲ್ಲೇ ಮುಂದಕ್ಕೆ ಹೊರಡುತ್ತಾರೆ. ಹಿಂದಕ್ಕೆ ನಡೆದದ್ದು ಲೆಕ್ಕಕ್ಕಿಲ್ಲ. ಅವರ ಒಟ್ಟು ನಡಿಗೆಯಲ್ಲಿ ಲೆಕ್ಕಕ್ಕಿಲ್ಲದ್ದೇ ಹೆಚ್ಚು ಎಂದು ನನ್ನ ಅನುಮಾನ. ಒಮ್ಮೆ ಮಳೆ ಬಂದು ಸುಣ್ಣದ ಗುರುತು ತೊಳೆದುಹೋಗಿತ್ತು. ಕಲ್ಲಿನ ಸುತ್ತ ಬಗ್ಗಿ ಬಗ್ಗಿ ಹುಡುಕುತ್ತಿದ್ದವರನ್ನು ಎಮ್ಮೆ ಹೊಡೆದುಕೊಂಡು ಬಂದ ಯಜಮಾನನೊಬ್ಬ ನೋಡಿದ.

‘ಏನ ಬುದ್ದಿ, ಏನ ಕಳಕಂಡ್ರಿ?’

‘ಹೋದ ಸಲ ಇಲ್ಲೇ ನಿಲ್ಲಿಸಿದ್ದೆ.’

‘ಏನ, ಸ್ಕೂಟರಾ?’

‘ಅಲ್ಲಪ್ಪ, ನಡೆಯೋದನ್ನ.’

ಆ ಮನುಷ್ಯ ಎಮ್ಮೆಯನ್ನೊಮ್ಮೆ, ಇವರನ್ನೊಮ್ಮೆ ನೋಡಿ ಎಮ್ಮೆಯನ್ನು ಕೊಂಚ ದೂರದಿಂದಲೇ ಹೊಡೆದುಕೊಂಡು ಹೋದ.

ಟಿ. ನರಸೀಪುರ ತಲುಪಿದಾಗ ಯಾತ್ರೆಗೆ ಮೊದಲ ವಿಘ್ನ ಬಂತು. ಕಾವೇರಿ, ಕಪಿಲೆ ಕೂಡುವ ಆ ಜಾಗದಲ್ಲಿ ಗುಂಜಾ ನರಸಿಂಹನ ಗುಡಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅಲ್ಲಿಯ ನಂಬಿಕೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿಯೂ 1989ರಿಂದ ಇದೆ. ನಮ್ಮವರು ಸಂಗಮದಲ್ಲಿ ಮುಳುಗಿ ಎದ್ದು, ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದರು. ಕಾಶಿಯ ಪುಣ್ಯ ಪೂರ್ತಿ, ಮೇಲೆ ಒಂದು ಗುಲಗಂಜಿ. ಇಷ್ಟು ಜಮೆ ಇರುವಾಗ ಅವಸರವೇನು? ಆ ಮಳೆಗಾಲವೆಲ್ಲ ಮನೆಯಲ್ಲೇ ಕಳೆಯಿತು. ಯಾರಾದರೂ ಕೇಳಿದರೆ ‘ನಾನೀಗ ನರಸೀಪುರದಲ್ಲಿದ್ದೀನಿ’ ಎಂದು ಸಿದ್ಧಾರ್ಥನಗರದ ಸೋಫಾದ ಮೇಲೆ ಕುಳಿತೇ ಹೇಳುತ್ತಿದ್ದರು.

ಹೀಗೆ ತುಂಡು ತುಂಡಾಗಿ ಯಾಕೆ ಎಂದು ಕೇಳಬೇಡಿ, ಉತ್ತರ ಉದ್ದವಿದೆ. ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯನ್ನು ಯುರೋಪಿನ ಎಷ್ಟೋ ಜನ ಹೀಗೆಯೇ ಮಾಡುತ್ತಾರಂತೆ. ತಮ್ಮ ಮನೆ ಬಾಗಿಲಿಂದಲೇ ಹೊರಟು ರಜೆ ಸಿಕ್ಕಾಗಲೆಲ್ಲ ಒಂದೊಂದು ತುಂಡು ನಡೆಯುತ್ತಾರೆ. ಯಾತ್ರಿಕರ ಪುಸ್ತಕಕ್ಕೆ ದಾರಿಯುದ್ದಕ್ಕೂ ಮೊಹರು ಹಾಕಿಸಿಕೊಳ್ಳುತ್ತಾರೆ, ಕೊನೆಯ 100 ಕಿ.ಮೀ. ನಡೆದದ್ದಕ್ಕೆ ದಾಖಲೆ ಇದ್ದರೆ ಪ್ರಮಾಣಪತ್ರವೂ ಉಂಟು. ಇದನ್ನು ಮಗನ ಬಾಯಿಂದ ಕೇಳಿದ ಮೇಲೆ ನಮ್ಮವರೂ ಒಂದು ನೋಟ್‌ಬುಕ್ಕಿಗೆ ಕಂದು ಬೈಂಡು ಹಾಕಿಸಿದರು. ಕಲ್ಲಿಕೋಟೆಯಿಂದ ಕೊಳ್ಳೇಗಾಲದವರೆಗಿನ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಾದಯಾತ್ರಿಗೆ ಮೊಹರು ಒತ್ತುವ ಏರ್ಪಾಡು ಯಾರೂ ಮಾಡಿಲ್ಲವಾದ್ದರಿಂದ ಸಿಕ್ಕಿದವರ ಕೈಯಲ್ಲಿ ಹಾಕಿಸಿದ್ದಾರೆ. ಹಾಲಿನ ಸೊಸೈಟಿಯ ಮೊಹರು ಇದೆ. ಗೊಬ್ಬರದಂಗಡಿಯ ‘ಹಣ ಸಂದಿದೆ’ ಇದೆ. ಒಂದು ಪುಟದಲ್ಲಿ, ತಾರೀಖಿನ ಸಮೇತ, ‘ಲಸಿಕೆ ಹಾಕಲಾಗಿದೆ’ ಎಂದಿದೆ. ಅದು ಪಶುವೈದ್ಯಶಾಲೆಯದು.

ಅವರ ಬಳಿ ಶಾಸ್ತ್ರಾಧಾರವೂ ಇದೆ. ಕಂಸಾಳೆಯವರು ಹಾಡುವ ಕಥೆಯಲ್ಲಿ ಮಾದಪ್ಪ ಸುತ್ತೂರು ಮಠ, ಕುಂತೂರು ಮಠ ಎಂದು ಅಲ್ಲಲ್ಲಿ ಇದ್ದು ಆಮೇಲಲ್ಲವೇ ಏಳುಮಲೆ ಸೇರಿದ್ದು? ‘ಸ್ವಾಮಿಯೇ ಕಂತಿನಲ್ಲಿ ಹೋಗಿದ್ದಾನೆ’ ಎಂದು ಇವರ ವಾದ. ‘ಹೋಗಿರಬಹುದು. ಸಾಯಂಕಾಲದ ಊಟಕ್ಕೆ ಬಸ್ಸು ಹಿಡಿದು ಮನೆಗೆ ಬರ್ತಿರಲಿಲ್ಲ’ ಎಂದು ಮನೆಯವರ ತೀರ್ಪು.

ಮನೆಯವರ ಮಾತಿಗೆ ಆ ಮನೆಯಲ್ಲಿ ತೂಕ ಬರಲು ಕಾರಣವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಗೊಡವೆ ತಪ್ಪಿತು. ಗಂಡ ಮೈಸೂರಿಗೂ ಕೊಳ್ಳೇಗಾಲಕ್ಕೂ ನಡುವೆ ಇರುವಷ್ಟರಲ್ಲಿ ಆಕೆ ಬೀದಿಯ ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಬಂದರು. ಒಂದು ಸಲವಲ್ಲ. ಅಮಾವಾಸ್ಯೆಗೆ ಹೋದರು, ದೀಪಾವಳಿಗೆ ಹೋದರು. ಕೊಳ್ಳೇಗಾಲ ದಾಟಿ ಕಾಮಗೆರೆಯ ಹತ್ತಿರ ಒಂದು ಮಧ್ಯಾಹ್ನ ಇವರು ಮರದ ಕೆಳಗೆ ಕೂತು ಸೌತೆಕಾಯಿಗೆ ಉಪ್ಪುಖಾರ ಸವರಿಕೊಳ್ಳುತ್ತಿದ್ದಾಗ ಹಾದುಹೋದ ಬಸ್ಸಿನ ಕಿಟಕಿಯಿಂದ ಒಂದು ಪರಿಚಿತ ಬಳೆಗೈ ಬೀಸಿತು. ಇವರೂ ಕೈ ಬೀಸಿದರು. ನಡಿಗೆಗೆ ಟಿಕೆಟ್ಟಿಲ್ಲ, ನಿಜ. ಆದರೆ ನಡಿಗೆ ಆರಂಭವಾಗುವ ಜಾಗಕ್ಕೆ ಹೋಗಿ, ಮುಗಿದ ಜಾಗದಿಂದ ಬರಲು ಗಂಡಸಾದವನು ಹಣ ಕೊಡಲೇಬೇಕು. ಬೆಟ್ಟ ಹತ್ತಿರವಾದಷ್ಟೂ ಮನೆ ದೂರ. ಹನೂರಿನ ಹೊತ್ತಿಗೆ ಅರ್ಧ ದಿನ ಬಸ್ಸಿನಲ್ಲಿ ಕುಳಿತು, ಎರಡು ಗಂಟೆ ನಡೆದು, ಮತ್ತರ್ಧ ದಿನ ಬಸ್ಸಿನಲ್ಲಿ ಕೂರುವ ಸ್ಥಿತಿಗೆ ಪಾದಯಾತ್ರೆ ಬಂದಿತ್ತು. ಕಾಲಿಗಿಂತ ಸೊಂಟಕ್ಕೆ ನೋವು.

ಹೆಂಡತಿ ತಂದ ಲಾಡನ್ನು ಅವರು ಮುಟ್ಟಲಿಲ್ಲ. ನಡೆದು ಸ್ವಾಮಿಯನ್ನು ಕಾಣುವವರೆಗೆ ಪ್ರಸಾದ ತಮಗೆ ಸಲ್ಲದು ಎಂದರು. ಮರುದಿನ ಬೆಳಿಗ್ಗೆ ಡಬ್ಬಿಯಲ್ಲಿ ಅರ್ಧ ಲಾಡು ಕಡಿಮೆಯಿತ್ತು. ಇಲಿ ಎಂದರು. ಆ ಮನೆಯಲ್ಲಿ ಇಲಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಸಂಗವನ್ನು ಹೇಳದಿದ್ದರೆ ಅನ್ಯಾಯವಾದೀತು. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಈ ದಾರಿಯ ಹಳ್ಳಿಯವರು ಪಾದಯಾತ್ರಿಗಳಿಗೆಂದು ರಸ್ತೆ ಬದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಇಟ್ಟುಕೊಂಡು ಕಾಯುತ್ತಾರೆ. ಕೊಡುವುದಷ್ಟೇ ಅಲ್ಲ, ನಡೆದು ಬಂದವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೂ ಇದ್ದಾರೆ. ಹನೂರಿನಾಚೆ ನಮ್ಮವರು ಬಸ್ಸಿಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಬೂಟಿಗೆ ಇನ್ನೂ ಧೂಳು ಹತ್ತಿರಲಿಲ್ಲ. ಒಬ್ಬ ಮುದುಕಿ ಮಜ್ಜಿಗೆಯ ಲೋಟ ಕೈಗಿತ್ತು, ಬಗ್ಗಿ, ಆ ವಿದೇಶಿ ಬೂಟನ್ನೇ ಮುಟ್ಟಿ ನಮಸ್ಕರಿಸಿದಳು. ಇವರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

‘ಬೇಡಮ್ಮಾ, ನಾನು ಈಗತಾನೆ ಬಸ್ಸಿಳಿದೆ.’

‘ಬಸ್ಸಲ್ಲಿ ಬಂದ್ರೇನ, ನಡಕಂಡ್ ಬಂದ್ರೇನ, ಹೋಗದು ಮಾದಪ್ಪನ ತಾವ್ಕ ಅಲ್ವಾ? ಕುಡೀರಿ.’

ಅಂದು ಅವರು ನೋಟ್‌ಬುಕ್ಕಿಗೆ ಎಲ್ಲೂ ಮೊಹರು ಹಾಕಿಸಲಿಲ್ಲ. ಕೌದಳ್ಳಿಯವರೆಗೆ ಪರ್ಸೆಯವರ ಜೊತೆಗೇ ನಡೆದರು, ಕೊನೆಯ ಬಸ್ಸೂ ತಪ್ಪಿತು. ರಾತ್ರಿ ಒಂದು ಗುಡಿಯ ಮುಂದೆ ಯಾರದೋ ಚಾಪೆಯ ತುದಿಯಲ್ಲಿ ಮಲಗಿದ್ದರಂತೆ. ನನಗೆ ಕೇಳಿದರೆ, ಅವರ ಯಾತ್ರೆಯಲ್ಲಿ ಯಾತ್ರೆ ಎನ್ನಬಹುದಾದ್ದು ಅದೊಂದೇ ದಿನ. ಅದನ್ನು ಅವರೆದುರು ಹೇಳುವ ಧೈರ್ಯ ನನಗಿಲ್ಲ. ಮರುದಿನ ಮನೆಗೆ ಬಂದವರು ಅದನ್ನೂ ಒಂದು ಕಂತೆಂದೇ ಬರೆದುಕೊಂಡರು, ಷರಾ ಅಂಕಣದಲ್ಲಿ ‘ಸೊಳ್ಳೆ’ ಎಂದು ಸೇರಿಸಿದರು.

ಈಗ ಯಾತ್ರೆ ತಾಳುಬೆಟ್ಟಕ್ಕೆ ಬಂದು ನಿಂತಿದೆ. ಅಲ್ಲಿಂದ ಮೇಲೆ ಘಾಟಿ. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು, ತಿರುವು ತಿರುವಿನಲ್ಲೂ ಏರು, ದೇವಸ್ಥಾನಕ್ಕೆ 18–20 ಕಿ.ಮೀ. ಆನೆ ಅಡ್ಡಾಡುವ ಆ ದಾರಿಯಲ್ಲಿ ಒಂಟಿಯಾಗಿ ಹೋಗುವುದು ತರವಲ್ಲ, ಕತ್ತಲಾದ ಮೇಲಂತೂ ಮಾತೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಡುದಾರಿಯಲ್ಲಿ ಸುಣ್ಣದ ಗುರುತು ಹಾಕಿ ಊಟಕ್ಕೆ ಮನೆಗೆ ಹೋಗಿ ಬರುವ ಹಾಗಿಲ್ಲ. ಹೊರಟರೆ ಹತ್ತಲೇಬೇಕು, ಹತ್ತಿದರೆ ಮುಗಿದೇ ಹೋಗುತ್ತದೆ. ಕಂತಿನವರಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ. ಆದ್ದರಿಂದ ಆ ಖಾತೆಯನ್ನು ಹಾಗೇ ಇಟ್ಟು, ಇತ್ತ ಧರ್ಮಸ್ಥಳದ ಖಾತೆ ತೆರೆದಿದ್ದಾರೆ. ಮನೆಯಿಂದಲೇ ಹೊರಟು ಇಲವಾಲದವರೆಗೆ ಬಂದಿದೆ. ಆ ಹಾದಿಯಲ್ಲಿ ಬಸ್ಸುಗಳಿಗೆ ಬರವಿಲ್ಲ.

ಮುಂದಿನ ಶಿವರಾತ್ರಿಗೆ ಮೈಸೂರಿನ ಕಡೆಯಿಂದ ಬೆಟ್ಟಕ್ಕೆ ಪರ್ಸೆ ಹೊರಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ. ತಾಳುಬೆಟ್ಟದ ಬುಡದಲ್ಲಿ ಕ್ರಿಕೆಟ್ ಟೋಪಿ ಹಾಕಿಕೊಂಡು ಮೇಲೆ ನೋಡುತ್ತ ನಿಂತವರೊಬ್ಬರು ಕಂಡರೆ ಮಾತಿಗೆ ನಿಲ್ಲದೆ ಕೈ ಹಿಡಿದು ಜೊತೆಗೆ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಜೇಬಿನಲ್ಲಿರುವ ಬಸ್ಸಿನ ವೇಳಾಪಟ್ಟಿಯನ್ನು ಮಾತ್ರ ಮರೆಯದೆ ಇಸಿದುಕೊಳ್ಳಿ.